ಗಾತ್ರ ನೋಡಿ ರೊಕ್ಕ ಕಲಿಸಬ್ಯಾಡ್ರಿ

"ದೊಡ್ಡ ನಾಣ್ಯ ಅಂದ್ರ ದೊಡ್ಡ ರೊಕ್ಕ, ಸಣ್ಣದು ಅಂದ್ರ ಸಣ್ಣ ರೊಕ್ಕ." ನಾಲ್ಕೈದು ವರ್ಷದ ಮಕ್ಕಳಿಗೆ ಚಿಲ್ಲರೆ ಗುರುತಿಸುವುದನ್ನು ಕಲಿಸುವಾಗ ಹುಬ್ಬಳ್ಳಿ-ಧಾರವಾಡದ ಬಹಳ ಮನೆಗಳಲ್ಲಿ ಕೇಳಿಬರುವ ಮೊದಲ ಪಾಠ ಇದು. ನಮ್ಮ ನಾಣ್ಯಗಳ ಮಟ್ಟಿಗೆ ಇದು ಸುಳ್ಳು. ಅಡಿಗಿಮನಿ ಡಬ್ಬಿ ಸುರುವಿ ನೋಡ್ರಿ. 2011ರಲ್ಲಿ ರೂಪಾಯಿ ಚಿಹ್ನೆ ಹೊತ್ತು ಬಂದ ಮಾಲಿಕೆಯಲ್ಲಿ 2 ರೂಪಾಯಿ 25 ಮಿ.ಮೀ. ಅಗಲ, 5 ರೂಪಾಯಿ 23 ಮಿ.ಮೀ. 2019ರ ಮಾಲಿಕೆಯಲ್ಲಿ ಉಲ್ಟಾ: 2ಕ್ಕೆ 23, 5ಕ್ಕೆ 25. ಹೆಬ್ಬೆರಳು ಎತ್ತಿದ ಕೈ ಇರುವ ಹಳೆಯ 1 ರೂಪಾಯಿಯೂ 25 ಮಿ.ಮೀ. ಅಂದರೆ ಒಂದೇ ಅಳತೆಯಲ್ಲಿ 1, 2, 5 ಮೂರೂ ಸಿಗುತ್ತವೆ. ಕೂಸು ತಪ್ಪು ಹೇಳಿದರೆ ಅದರ ತಪ್ಪೇನು?

ಬಣ್ಣವೂ ಅರ್ಧ ದಾರಿಯಷ್ಟೇ ಬರುತ್ತದೆ. ಹಳದಿ 5 ಬೇಗ ಗುರುತಾಗುತ್ತದೆ ನಿಜ, ಆದರೆ ಬಿಳಿಯ 5 ಕೂಡ ಇನ್ನೂ ಚಲಾವಣೆಯಲ್ಲಿದೆ. ಹಾಗಾಗಿ ಮೊದಲು ಅಂಕಿ. ಪಾಟಿಯ ಮೇಲೆ 1, 2, 5, 10 ಓದಲು ಬರುವವರೆಗೆ ನಾಣ್ಯ ಕೈಗೆ ಕೊಡುವ ಅವಸರ ಬೇಡ. ಆಮೇಲೆ ನಾಣ್ಯ ಕೊಟ್ಟು "ಅಂಕಿ ಎಲ್ಲೈತಿ, ಹುಡುಕು" ಅನ್ನಿ. ಇಲ್ಲಿ ಎರಡು ತಪ್ಪು ಆಗುತ್ತವೆ. ಕೆಲ ಮಕ್ಕಳು ಇಸವಿಯನ್ನೇ ಬೆಲೆ ಅಂದುಕೊಂಡು 2015ರಲ್ಲಿನ 2 ತೋರಿಸುತ್ತಾರೆ. ಇನ್ನು ಕೆಲವರು ಸಿಂಹದ ಕಡೆ ಅಂಕಿ ಇರುವುದೇ ಇಲ್ಲ ಅಂತ ಕಲಿತಿರುತ್ತಾರೆ. ಯಾರದಾದರೂ ನೆನಪಿಗೆ ತಂದ ವಿಶೇಷ ನಾಣ್ಯಗಳಲ್ಲಿ ಒಂದು ಕಡೆ ಚಿತ್ರ, ಬೆಲೆ ಸಿಂಹದ ಕೆಳಗೇ ಇರುತ್ತದೆ. ಅಂಥವನ್ನು ಮೊದಲ ತಿಂಗಳು ಪಕ್ಕಕ್ಕಿಡಿ. ಹಾಳೆ ಕೆಳಗೆ ನಾಣ್ಯ ಇಟ್ಟು ಪೆನ್ಸಿಲ್ ಉಜ್ಜಿಸಿದರೆ ಅಂಕಿ ತಾನಾಗಿ ಮೇಲೆ ಬರುತ್ತದೆ. ಹತ್ತು ಸಲ ಹೇಳುವುದಕ್ಕಿಂತ ಇದು ವಾಸಿ.

ನಿಜವಾದ ಗಂಟು ಮುಂದಿದೆ. ಒಂದು 5, ಎರಡು 1 ಇಟ್ಟು "ಎಷ್ಟ್ ರೊಕ್ಕ?" ಅಂದರೆ ಮಗು "ಮೂರು" ಅನ್ನುತ್ತದೆ. ಅದು ಎಣಿಸಿದ್ದು ಸರಿಯೇ ಇದೆ, ನಾಣ್ಯ ಮೂರೇ. ಒಂದು ವಸ್ತು ಐದಕ್ಕೆ ಸಮ ಅನ್ನುವುದು ಆ ವಯಸ್ಸಿಗೆ ವಿಚಿತ್ರ ಮಾತು. ಇದನ್ನು ಬಾಯಲ್ಲಿ ಹೇಳಿ ತಿಳಿಸಲು ಆಗುವುದಿಲ್ಲ, ಬದಲಿ ಮಾಡಿಸಬೇಕು. ರಟ್ಟಿನ ಮೇಲೆ ಸಾಲಾಗಿ ಐದು ಮನೆ ಗೀಚಿ, ಒಂದೊಂದರಲ್ಲಿ 1 ರೂಪಾಯಿ ಇಡಿಸಿ. ಐದೂ ತುಂಬಿದಾಗ ಅವನ್ನು ನೀವು ತಗೊಂಡು ಒಂದು 5 ಕೊಡಿ. ಮತ್ತೆ ಹೊಳ್ಳಿ 5 ಇಸಕೊಂಡು 1ರ ನಾಣ್ಯ ಐದು ಕೊಡಿ. ದಿನಕ್ಕೆ ಹತ್ತು ನಿಮಿಷ, ಎರಡು ವಾರ ಇಷ್ಟೇ. 2 ರೂಪಾಯಿ ಈಗಲೇ ತರಬೇಡಿ. 1 ಮತ್ತು 5 ಗಟ್ಟಿಯಾದ ಮೇಲೆ 10, ಕೊನೆಗೆ 2. 2 ಬರುವವರೆಗೆ 1ರ ನಾಣ್ಯ ಹತ್ತು, 5ರದ್ದು ನಾಲ್ಕು, 10ರದ್ದು ಎರಡು, ಒಟ್ಟು ಹದಿನಾರು ಸಾಕು. ಪ್ಲಾಸ್ಟಿಕ್ಕಿನ ಆಟದ ರೊಕ್ಕ ತಂದು ದುಡ್ಡು ಹಾಳು ಮಾಡಬೇಡಿ. ಅದರ ತೂಕ, ಸದ್ದು, ಅಂಚು ಯಾವುದೂ ಅಂಗಡಿಯ ರೊಕ್ಕದ್ದಲ್ಲ.

ಬೆರಕೆ ಚಿಲ್ಲರೆ ಎಣಿಸುವಾಗ ಮೊದಲು ದೊಡ್ಡ ಬೆಲೆಯಿಂದ ಸಾಲು ಹಚ್ಚಿಸಿ: 10, 5, 2, 2, 1. ಹತ್ತು, ಹದಿನೈದು, ಹದಿನೇಳು, ಹತ್ತೊಂಬತ್ತು, ಇಪ್ಪತ್ತು. ಮಗು ಎಡವುವುದು ಬೆಲೆ ಬದಲಾಗುವ ಕಡೆ. ಐದೈದರ ಲಯ ಹತ್ತಿದ್ದರೆ 2 ಬಂದರೂ "ಇಪ್ಪತ್ತು" ಅಂದುಬಿಡುತ್ತದೆ. ಅಲ್ಲಿ ಕೈ ತಡೆದು, 2ರ ಮೇಲೆ ಬೆರಳಿನಿಂದ ಎರಡು ಸಲ ತಟ್ಟಿಸಿ: ಹದಿನಾರು, ಹದಿನೇಳು. ಎಣಿಕೆ ಕನ್ನಡದಲ್ಲೇ ಇರಲಿ, ಇಂಗ್ಲಿಷ್ ಮೀಡಿಯಂ ಆದರೂ. ಫಿಫ್ಟೀನ್, ಫಿಫ್ಟಿ ಮಕ್ಕಳ ಕಿವಿಗೆ ಒಂದೇ. ಹದಿನೈದರಲ್ಲಿ ಹತ್ತೂ ಐದೂ ಕೇಳಿಸುತ್ತವೆ.

ಚಿಲ್ಲರೆ ಹೊಳ್ಳಿ ಕೊಡುವುದನ್ನು ಕಳೆಯುವ ಲೆಕ್ಕ ಮಾಡಬೇಡಿ. ಹುಬ್ಬಳ್ಳಿಯ ದುರ್ಗದಬೈಲ್ ಪೇಟೆಯ ವ್ಯಾಪಾರಿ ಮಾಡುವಂತೆ ಮುಂದಕ್ಕೆ ಎಣಿಸಿ. ಸಾಮಾನು ಏಳು ರೂಪಾಯಿದು, ಕೊಟ್ಟಿದ್ದು ಹತ್ತು: ಒಂದೊಂದು ನಾಣ್ಯ ಕೈಗಿಡುತ್ತ ಎಂಟು, ಒಂಬತ್ತು, ಹತ್ತು. ಆಮೇಲೆ 5 ರೂಪಾಯಿ ಬಿಸ್ಕೀಟ್ ಪುಡಾ ತರಲು ಖರೇ ಅಂಗಡಿಗೇ ಕರಕೊಂಡು ಹೋಗಿ. ಎಲ್ಲದಕ್ಕೂ ಫೋನ್ ಹಿಡಿದು ಸ್ಕ್ಯಾನ್ ಮಾಡುವ ಅಪ್ಪ-ಅವ್ವನ ಹಿಂದೆ ನಿಂತ ಕೂಸಿಗೆ ರೊಕ್ಕ ಅಂದರೆ ಒಂದು ಸದ್ದು ಅಷ್ಟೇ.

ಅಂಗಡಿಯವರು 10ರ ನಾಣ್ಯ ಒಲ್ಲೆ ಅಂದರೆ ಮಗುವಿಗೆ "ಇದು ನಡೆಯೂದಿಲ್ಲ" ಅಂತ ಕಲಿಸಬೇಡಿ. ರೂಪಾಯಿ ಚಿಹ್ನೆ ಇರಲಿ, ಇಲ್ಲದಿರಲಿ, ಆವರೆಗೆ ಬಂದ 14 ವಿನ್ಯಾಸಗಳೂ ಚಲಾವಣೆಯಲ್ಲಿವೆ ಎಂದು ರಿಸರ್ವ್ ಬ್ಯಾಂಕ್ 2018ರ ಜನವರಿಯಲ್ಲೇ ಹೇಳಿದೆ. ಅಜ್ಜಿಯ ಡಬ್ಬಿಯ ನಾಕಾಣೆ ಮಾತ್ರ 2011ರ ಜೂನ್ 30ರಿಂದ ರದ್ದು. ಅದನ್ನು ಬೇರೆ ಇಡಿ. ಎಂಟಾಣೆ ಕಾನೂನಿನ ಪ್ರಕಾರ ಇನ್ನೂ ನಡೆಯುತ್ತದೆ, ತಗೊಳ್ಳುವವರನ್ನು ಹುಡುಕುವುದು ನಿಮ್ಮ ಹಣೆಬರಹ. 20ರದ್ದು ಹನ್ನೆರಡು ಮೂಲೆಯ ನಾಣ್ಯ. ಸಿಕ್ಕರೆ ಮೂಲೆ ಎಣಿಸಲು ಕೊಡಿ.

ಕಡೆಯದೊಂದು, ಆದರೆ ಮೊದಲೇ ಮಾಡಬೇಕಾದದ್ದು: ನಾಣ್ಯಗಳನ್ನು ಸಾಬೂನು ನೀರಿನಲ್ಲಿ ತೊಳೆದು ಒರೆಸಿ. ಮನೆಯಲ್ಲಿ ಮೂರು ವರ್ಷದ ಒಳಗಿನ ಕೂಸಿದ್ದರೆ ಅದು ಮಲಗಿದಾಗ ಮಾತ್ರ ಡಬ್ಬಿ ತೆಗೆಯಿರಿ. ಹದಿನಾರು ಕೊಟ್ಟಿದ್ದರೆ ಹದಿನಾರು ಎಣಿಸಿಯೇ ಮುಚ್ಚಳ ಹಾಕಿ. ಆ ಎಣಿಕೆಯನ್ನೂ ಮಗುವಿನಿಂದಲೇ ಮಾಡಿಸಿ.