ಕಡಲ ಹಾವಿಗೊಂದು ವಿಚಾರಣಾ ಸಮಿತಿ

ಹಾವು ಕಂಡರೆ ಜನ ಕೂಗುತ್ತಾರೆ, ಕೋಲು ಹುಡುಕುತ್ತಾರೆ, ಇಲ್ಲವೇ ಕೈಮುಗಿದು ದಾರಿ ಬಿಡುತ್ತಾರೆ. 1817ರಲ್ಲಿ ಅಮೆರಿಕದ ಬಾಸ್ಟನ್‌ನ ವಿದ್ವಾಂಸರು ಇದ್ಯಾವುದನ್ನೂ ಮಾಡಲಿಲ್ಲ. ಸಮಿತಿ ರಚಿಸಿದರು.

ಆ ವರ್ಷದ ಆಗಸ್ಟ್‌ನಲ್ಲಿ ಮ್ಯಾಸಚೂಸೆಟ್ಸ್‌ನ ಗ್ಲಾಸ್ಟರ್ ಬಂದರಿನೊಳಗೆ ಏನೋ ಒಂದು ಈಜಾಡುತ್ತಿತ್ತು. ಏನೋ ಒಂದು ಅಂತ ನಾನು ಹೇಳುತ್ತಿದ್ದೇನೆ, ಊರವರು ಅಷ್ಟಕ್ಕೇ ಬಿಡಲಿಲ್ಲ. ಹಾವೇ ಅಂದರು. ತಲೆ ಕುದುರೆ ತಲೆಯಷ್ಟು, ಬೆನ್ನ ಮೇಲೆ ಪೀಪಾಯಿ ಸಾಲಾಗಿ ಕಟ್ಟಿದಂಥ ಉಬ್ಬುಗಳು. ಒಬ್ಬರ ಕಣ್ಣಿಗೆ ಅದು 40 ಅಡಿ, ಇನ್ನೊಬ್ಬರ ಕಣ್ಣಿಗೆ 100 ಅಡಿ. ಮೀನುಗಾರರ ಊರು ನೋಡಿ. ಬಲೆಗೆ ಬಿದ್ದ ಮೀನೇ ಮನೆ ಮುಟ್ಟುವಷ್ಟರಲ್ಲಿ ಗೇಣುದ್ದ ಬೆಳೆದಿರುತ್ತೆ. ಕೈಗೇ ಸಿಗದ ಹಾವು 60 ಅಡಿ ಬೆಳೆಯೋದು ಜಾಸ್ತಿ ಏನಲ್ಲ.

ಹಡಗು ಕಟ್ಟುವ ಬಡಗಿ ಮ್ಯಾಥ್ಯೂ ಗಾಫ್ನಿ ದೋಣಿಯಲ್ಲಿ ಹೋಗಿ, ಸುಮಾರು 30 ಅಡಿ ದೂರದಿಂದ ಅದರ ತಲೆಗೇ ಗುಂಡು ಹೊಡೆದ. ಬಂದೂಕು ಚೆನ್ನಾಗಿತ್ತು, ಗುರಿಯೂ ಚೆನ್ನಾಗಿತ್ತು, ತಗುಲಿರಲೇಬೇಕು ಅಂತ ಆಮೇಲೆ ಪ್ರಮಾಣ ಮಾಡಿ ಹೇಳಿದ. ಹಾವು ಅವನ ಕಡೆ ತಿರುಗಿ, ಕಲ್ಲು ಮುಳುಗಿದ ಹಾಗೆ ಮುಳುಗಿ, ದೋಣಿ ಅಡಿಯಿಂದ ಹಾದು ಆಚೆ ಎದ್ದಿತು. ಮತ್ತೆ ಆಟ ಶುರು. ಹಾವೂ ಸಾಯಲಿಲ್ಲ, ಕೋಲೂ ಮುರಿಯಲಿಲ್ಲ. ನನಗೆ ಈ ಗಾಫ್ನಿ ಇಷ್ಟ. ಇಡೀ ಪ್ರಕರಣದಲ್ಲಿ ಹಾವಿನ ಹತ್ತಿರ ಹೋಗಿ ನೋಡೋಣ ಅಂದವರು ಕಡಿಮೆ.

ಸುದ್ದಿ ಬಾಸ್ಟನ್‌ನ ಲಿನ್ನಿಯನ್ ಸೊಸೈಟಿಗೆ ಮುಟ್ಟಿತು. ಪ್ರಕೃತಿ ವಿಜ್ಞಾನದಲ್ಲಿ ಆಸಕ್ತಿ ಇದ್ದವರ ಸಂಘ ಅದು. ತಕ್ಷಣ ಮೂವರ ಸಮಿತಿ ಆಯಿತು: ನ್ಯಾಯಾಧೀಶ ಜಾನ್ ಡೇವಿಸ್, ವೈದ್ಯ ಜೇಕಬ್ ಬಿಗೆಲೋ, ಜೊತೆಗೆ ಫ್ರಾನ್ಸಿಸ್ ಗ್ರೇ. ಮೀನು ಹಿಡಿಯುವವನು ಒಬ್ಬನೂ ಇಲ್ಲ. ಗ್ಲಾಸ್ಟರ್‌ನ ಮ್ಯಾಜಿಸ್ಟ್ರೇಟ್ ಲಾನ್ಸನ್ ನ್ಯಾಶ್‌ಗೆ ಪತ್ರ ಹೋಯಿತು. ಸಾಕ್ಷಿಗಳನ್ನು ಬೇರೆಬೇರೆಯಾಗಿ ವಿಚಾರಿಸಿ, ಒಬ್ಬ ಹೇಳಿದ್ದು ಇನ್ನೊಬ್ಬನ ಕಿವಿಗೆ ಬೀಳದಿರಲಿ, ಪ್ರಮಾಣ ಮಾಡಿಸಿ ಬರೆಸಿಕೊಳ್ಳಿ. ಜೊತೆಗೆ 25 ಪ್ರಶ್ನೆಗಳ ಪಟ್ಟಿ. ಬಣ್ಣ ಯಾವುದು? ಉದ್ದ ಎಷ್ಟು? ಮೈ ನುಣುಪೋ ಒರಟೋ? ಊರೆಲ್ಲ ಹಗಲು ರಾತ್ರಿ ಅದೇ ಮಾತಾಡಿ ಮುಗಿಸಿದ ಮೇಲೆ, ಒಬ್ಬರ ಮಾತು ಇನ್ನೊಬ್ಬರಿಗೆ ಕೇಳಿಸಬಾರದು ಅಂತ ಬಾಗಿಲು ಹಾಕಿದರು. ಇದರ ಮೇಲೆ ವಿಚಾರಣೆ ಮಾಡಬೇಕಾದ ನ್ಯಾಶ್ ಸಾಹೇಬರೇ "ನಾನೂ ನೋಡಿದ್ದೇನೆ" ಅಂದುಬಿಟ್ಟರು!

ಒಂದು ಉತ್ತರವಂತೂ ಕಣ್ಣಿಗೆ ಹೊಡೆಯುವಂತಿತ್ತು. ಪ್ರಾಣಿ ಕಂಬಳಿಹುಳದ ಹಾಗೆ ಮೇಲೆ ಕೆಳಗೆ ಏರಿಳಿದು ಸಾಗುತ್ತಿತ್ತಂತೆ. ಹಾವು ಹಾಗೆ ಈಜೋದಿಲ್ಲ, ಅಕ್ಕಪಕ್ಕಕ್ಕೆ ಬಳುಕುತ್ತೆ. ಬೆನ್ನು ಮೇಲೆ ಕೆಳಗೆ ಆಡಿಸೋದು ತಿಮಿಂಗಿಲ, ಡಾಲ್ಫಿನ್‌ಗಳು. ನಾಲ್ಕಾರು ಡಾಲ್ಫಿನ್ ಒಂದರ ಹಿಂದೊಂದು ಹೋದರೆ ದೂರದಿಂದ ಉಬ್ಬುಗಳ ಸಾಲೇ ಕಾಣುತ್ತೆ. ಸಮಿತಿ ಈ ಉತ್ತರವನ್ನೂ ಸೇರಿಸಿಕೊಂಡಿತು, ಹಾವು ಅನ್ನೋದನ್ನು ಮಾತ್ರ ಬಿಡಲಿಲ್ಲ. ಅಂತೆಕಂತೆಗೆ ಮೊಹರು ಒತ್ತಿದ್ದಾಯಿತಲ್ವಾ, ಇನ್ನೇನು ಅನುಮಾನ?

ಅವರನ್ನು ಆಡಿಕೊಳ್ಳುವಾಗ ನಮ್ಮ ಕಾಲದ್ದೂ ನೆನಪಾಗುತ್ತೆ. ದೂರದ ಯಾವುದೋ ತೀರದಲ್ಲಿ ಒಂದು ಓರ್‌ಫಿಶ್, ಅಂದರೆ ಆಳ ಕಡಲಲ್ಲಿರುವ ಹಾವಿನಂಥ ಉದ್ದನೆ ಮೀನು, ಸತ್ತು ಬಿದ್ದರೆ ಸಾಕು, "ಪ್ರಳಯದ ಮೀನು" ಅಂತ ಮೊಬೈಲ್ ತುಂಬಾ ಓಡಾಡುತ್ತೆ, ಭೂಕಂಪ ಗ್ಯಾರಂಟಿ. ಜಪಾನಿನ ಸಂಶೋಧಕರು ಇಂಥ ಮೀನುಗಳು ಕಾಣಿಸಿಕೊಂಡ ಮುನ್ನೂರಕ್ಕೂ ಹೆಚ್ಚು ಪ್ರಸಂಗಗಳನ್ನು ಭೂಕಂಪಗಳ ಜೊತೆ ತಾಳೆ ಹಾಕಿ, ಸಂಬಂಧ ಇಲ್ಲ ಅಂತ 2019ರಲ್ಲೇ ಹೇಳಿದರು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ. ಬಾಸ್ಟನ್‌ನವರು 25 ಪ್ರಶ್ನೆಯನ್ನಾದರೂ ಕೇಳಿದರು.

ಕೇಳಿ ಸುಮ್ನೆ ಇದ್ದಿದ್ದರೆ ಮರ್ಯಾದೆ ಉಳಿಯುತ್ತಿತ್ತು. ಅಷ್ಟರಲ್ಲಿ ಗ್ಲಾಸ್ಟರ್ ಇರುವ ಅದೇ ಕೇಪ್ ಆ್ಯನ್ ಕಡೆ, ಕಡಲ ಹತ್ತಿರದ ಹೊಲವೊಂದರಲ್ಲಿ ಮೂರಡಿ ಉದ್ದದ ಕಪ್ಪು ಹಾವು ಸಿಕ್ಕಿತು. ಬೆನ್ನ ತುಂಬಾ ಗೂನು. ಕೊಂದು ಸೊಸೈಟಿಗೆ ತಲುಪಿಸಿದರು. ವಿದ್ವಾಂಸರಿಗೆ ಹೊಳೆದೇ ಬಿಟ್ಟಿತು: ದೊಡ್ಡದಕ್ಕೂ ಉಬ್ಬು, ಚಿಕ್ಕದಕ್ಕೂ ಉಬ್ಬು, ಅಂದಮೇಲೆ ಇದು ಅದರ ಮರಿ! ತಾಯಿ ಮೊಟ್ಟೆ ಇಡೋಕೆ ದಡದ ಹತ್ತಿರ ಬಂದಿರಬೇಕು. ಮರಿಯನ್ನು ಕೊಯ್ದರು, ಬೆನ್ನುಮೂಳೆಯ ಚಿತ್ರ ಬರೆಸಿದರು, ಸ್ಕೋಲಿಯೋಫಿಸ್ ಅಟ್ಲಾಂಟಿಕಸ್ ಅಂತ ನಾಮಕರಣ ಮಾಡಿದರು, ವರದಿ ಅಚ್ಚು ಹಾಕಿಸಿ ಹಂಚಿದರು. ತಾಯಿ ಪತ್ತೆ ಇಲ್ಲ, ಮರಿಗೆ ಮಾತ್ರ ಜಾತಿ, ಕುಲ, ಹೆಸರು ಎಲ್ಲ ಸಿದ್ಧ.

ಫ್ರೆಂಚ್ ಪ್ರಕೃತಿ ವಿಜ್ಞಾನಿ ಲೆಸ್ಯೂರ್ ಇದನ್ನು ಪರಿಶೀಲಿಸಿ ನಿಜ ಹೇಳಿಬಿಟ್ಟ. ಅದು ಆ ಕಡೆ ಎಲ್ಲೆಂದರಲ್ಲಿ ಸಿಗುವ ಸಾಮಾನ್ಯ ಕಪ್ಪು ಹಾವು. ನಮ್ಮ ಹೊಲಗಳಲ್ಲಿ ಕೇರೆ ಇರುತ್ತಲ್ಲ, ಹಾಗೆ. ಪಾಪ, ಅದಕ್ಕೆ ಬೆನ್ನುಮೂಳೆ ಕೆಟ್ಟಿತ್ತು, ಅಷ್ಟೇ.

1818ರಲ್ಲಿ ಕ್ಯಾಪ್ಟನ್ ರಿಚರ್ಡ್ ರಿಚ್ ಅನ್ನುವವನು ಹಾವನ್ನು ಹಿಡಿದೇ ತರುತ್ತೇನೆ ಅಂತ ಹೊರಟ. ತಂದದ್ದು ಟ್ಯೂನಾ ಮೀನು. ದೊಡ್ಡದೇ, ಆದರೆ ಮೀನು.

1819ರ ಬೇಸಿಗೆಯಲ್ಲಿ ಬಾಸ್ಟನ್ ಪಕ್ಕದ ನಹಾಂಟ್ ತೀರದಲ್ಲಿ ಕಡಲ ಹಾವನ್ನು ನೋಡಿದೆವು ಅಂತ ನೂರಾರು ಜನ ಹೇಳಿದರು. ವಾಪಸ್ ಬಂದಿತ್ತಂತೆ. ಮರಿಯ ನಾಮಕರಣಕ್ಕೆ ತನ್ನನ್ನು ಯಾಕೆ ಕರೆಯಲಿಲ್ಲ ಅಂತ ಕೇಳೋಕೇ ಇರಬೇಕು.