ಹೊರಗೆ ಬಿಟ್ಟ ಜೋಡು

ಕೊಡಗಿನಲ್ಲಿ ಮನೆ ಮಾಡಿಕೊಂಡವರಿಗೆ ನೆಂಟರು ಬರುವ ಕಾಲ ಎರಡು: ಒಂದು ದಸರೆಯ ರಜೆ, ಇನ್ನೊಂದು ಬಯಲುಸೀಮೆ ಕಾದ ಹೆಂಚಾಗುವ ಬೇಸಗೆ. ನಮ್ಮ ಚಿಕ್ಕಪ್ಪ ಈ ಎರಡನ್ನೂ ಬಿಟ್ಟು, ಹೋಗಲೋ ಇರಲೋ ಎಂದು ಮಳೆಯೇ ಯೋಚಿಸುತ್ತಿದ್ದ ಸೆಪ್ಟೆಂಬರಿನ ಕೊನೆಯ ವಾರದಲ್ಲಿ, ಚಿಕ್ಕಮ್ಮನನ್ನು ಕರೆದುಕೊಂಡು ದಾವಣಗೆರೆಯಿಂದ ಮಡಿಕೇರಿಗೆ ಬಂದಿಳಿದರು. ಓಂಕಾರೇಶ್ವರ, ಕೋಟೆ, ಅರಸರ ಸಮಾಧಿಗಳಿರುವ ಗದ್ದುಗೆ, ಭಾಗಮಂಡಲ, ತಲಕಾವೇರಿ, ಇಷ್ಟನ್ನೂ ಒಂದೇ ದಿನದಲ್ಲಿ ಮುಗಿಸಬೇಕೆಂಬುದು ಅವರ ಸಂಕಲ್ಪ. ಬೆಟ್ಟದ ಊರಿಗೆ ಹೊರಟಿದ್ದೇವೆಂದು ಅವರು ಹೊಸ ಶೂ ಕೊಂಡಿದ್ದರು. ಒಂದೊಂದಕ್ಕೂ ಎಂಟು ಜೊತೆ ತೂತು, ಅವುಗಳ ತುಂಬ ಹಾವಿನಂತೆ ಹರಿದಾಡುವ ಲೇಸು. ಚಿಕ್ಕಮ್ಮನದು ಹವಾಯಿ ಚಪ್ಪಲಿ. ಆ ದಿನದ ಕಥೆಯೆಲ್ಲ ಈ ಎರಡು ಜೋಡುಗಳ ನಡುವೆಯೇ ನಡೆಯಿತು.

ಓಂಕಾರೇಶ್ವರನ ಗುಡಿಯನ್ನು ಕೊಡಗಿನ ಅರಸ ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ. ನಡುವೆ ಗುಮ್ಮಟ, ನಾಲ್ಕು ಮೂಲೆಗಳಲ್ಲಿ ಮಿನಾರುಗಳಂಥ ಗೋಪುರ, ಎದುರಿಗೆ ಕೊಳ, ಕೊಳದ ನಡುವೆ ಮಂಟಪ. ಒಳಗಿನ ಲಿಂಗ ಕಾಶಿಯಿಂದ ಬಂದದ್ದೆಂದು ಪ್ರತೀತಿ. ಇಷ್ಟನ್ನು ನಾನು ಹೇಳಿ ಮುಗಿಸುವಷ್ಟರಲ್ಲಿ ಚಿಕ್ಕಮ್ಮ ಒಂದು ಸುತ್ತು ಪ್ರದಕ್ಷಿಣೆ ಮುಗಿಸಿ ಬಂದಿದ್ದರು. ಚಿಕ್ಕಪ್ಪ ಇನ್ನೂ ಎಡಗಾಲಿನ ಲೇಸಿನಲ್ಲಿದ್ದರು. ರಾತ್ರಿಯ ಮಳೆಯನ್ನು ಕುಡಿದು ಕೂತಿದ್ದ ಕಲ್ಲುಹಾಸಿನ ಮೇಲೆ ಕಾಲಿಟ್ಟ ಚಿಕ್ಕಮ್ಮ ಸೆರಗು ಬಿಗಿದುಕೊಂಡು, "ನಮ್ಮ ಕಡಿ ಗುಡಿ ಕಲ್ಲು ಕಾಲು ಸುಡ್ತಾವ, ಇಲ್ಲಿ ನೋಡು, ಕಡೀತಾವ" ಎಂದರು. ಬೇಸಗೆಯಲ್ಲಿ ಬಿಸಿ ತಾಳದೆ ಗುಡಿಯಂಗಳದಲ್ಲಿ ಕುಣಿಯುತ್ತ ಓಡುವ ಭಕ್ತರನ್ನು ಕಂಡವರಿಗೆ ಈ ಮಾತಿನ ತೂಕ ತಿಳಿದೀತು. ಎರಡು ನಾಡುಗಳ ವ್ಯತ್ಯಾಸವನ್ನು ಅಂಗಾಲು ಹೇಳಿದಷ್ಟು ಚುಟುಕಾಗಿ ಭೂಗೋಳದ ಮೇಷ್ಟರೂ ಹೇಳಲಾರರು.

ಕೋಟೆಯಲ್ಲಿ ಜೋಡಿನ ಕಾನೂನು ಹೆಜ್ಜೆಗೊಮ್ಮೆ ಬದಲಾಗುತ್ತದೆ. ಮುದ್ದುರಾಜ ಮಣ್ಣಿನಲ್ಲಿ ಕಟ್ಟಿಸಿದ್ದನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟ. ಆಮೇಲೆ ಲಿಂಗರಾಜೇಂದ್ರ ಅರಮನೆ ಎಬ್ಬಿಸಿದ. ಆಮೇಲೆ ಇಂಗ್ಲಿಷರು ಬಂದರು. ಕೋಟೆ ಗಣಪತಿಯ ಮುಂದೆ ಶೂ ಬಿಚ್ಚಿದ ಚಿಕ್ಕಪ್ಪ, ಹತ್ತು ಮಾರು ಆಚೆಗಿರುವ ವಸ್ತುಸಂಗ್ರಹಾಲಯದಲ್ಲೂ ಬಿಚ್ಚಬೇಕೇ ಎಂದು ಆತಂಕದಿಂದ ಕೇಳಿದರು. ಬೇಡವೆಂದೆ. ಆದರೆ ಒಳಹೊಕ್ಕ ಮೇಲೆ ಅವರು ಅಲ್ಲಿನ ತೀರ್ಥಂಕರರ ಶಿಲ್ಪಗಳ ಮುಂದೆ ನಿಂತು, ತಪ್ಪು ಮಾಡಿದ ಹುಡುಗನಂತೆ ಒಂದು ಶೂವನ್ನು ಇನ್ನೊಂದರ ಹಿಂದೆ ಅಡಗಿಸಲು ನೋಡುತ್ತಿದ್ದರು. ಆ ಸಂಕೋಚಕ್ಕೆ ಕಾರಣವಿಲ್ಲದಿಲ್ಲ. ಇದೇ ಕೋಟೆಯೊಳಗೆ ಮೊದಲು ವೀರಭದ್ರನ ಗುಡಿಯಿತ್ತು. ಜನ ಬರಿಗಾಲಲ್ಲಿ ಬರುತ್ತಿದ್ದರು. ಇಂಗ್ಲಿಷರು ಅದನ್ನು ತೆಗೆಸಿ ಸಂತ ಮಾರ್ಕನ ಇಗರ್ಜಿ ಕಟ್ಟಿಸಿದರು. ಆಗ ಬೂಟು ಕಾಲಲ್ಲೇ ಉಳಿದು, ತಲೆಯ ಮೇಲಿನ ಟೋಪಿ ಕೈಗೆ ಬಂತು. ಈಗ ಇಗರ್ಜಿಯೇ ಸಂಗ್ರಹಾಲಯವಾಗಿದೆ. ಬೂಟೂ ಇರಬಹುದು, ಟೋಪಿಯೂ ಇರಬಹುದು, ಟಿಕೆಟ್ ಇದ್ದರೆ ಸಾಕು. ದೇವರು ಪೀಠದಿಂದ ಇಳಿದು ನಂಬರಿನ ಚೀಟಿ ಅಂಟಿಸಿಕೊಂಡು ಗೋಡೆಗೆ ಒರಗಿದ ಮೇಲೆ ಚಪ್ಪಲಿಯ ವಿಷಯದಲ್ಲಿ ಇಷ್ಟು ಉದಾರಿಯಾಗುತ್ತಾನೆಂಬುದು ನನಗೆ ಇವತ್ತಿಗೂ ಒಗ್ಗದ ಸಂಗತಿ. ಹೊರಗೆ ಗಾರೆಯ ಎರಡು ಆನೆಗಳು ಎಂದಿನಂತೆ ನಿಂತಿದ್ದವು; ಅವುಗಳದು ಸದಾ ಬರಿಗಾಲು.

ಗದ್ದುಗೆಯಲ್ಲಿ ದೊಡ್ಡವೀರರಾಜೇಂದ್ರನಿದ್ದಾನೆ, ಅವನ ರಾಣಿ ಮಹದೇವಮ್ಮಾಜಿಯಿದ್ದಾಳೆ, ತಮ್ಮ ಲಿಂಗರಾಜೇಂದ್ರನಿದ್ದಾನೆ. ಕೊನೆಯ ಅರಸ ಚಿಕ್ಕವೀರರಾಜೇಂದ್ರನಿಲ್ಲ. 1834ರಲ್ಲಿ ಪಟ್ಟ ಕಳೆದುಕೊಂಡು ಕಾಶಿಗೆ ಹೋದವನು 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಇಂಗ್ಲೆಂಡಿಗೆ ಹೋದ. 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಹಿರಿಯರ ಗುಮ್ಮಟಗಳ ಕೆಳಗೆ ಕಾಲಿಡುವಾಗ ಚಿಕ್ಕಪ್ಪ ಮರುಮಾತಿಲ್ಲದೆ ಕೂತು ಲೇಸು ಬಿಚ್ಚಿದರು. ದಿನದ ಮೂರನೆಯ ಸಲ.

ಭಾಗಮಂಡಲದ ದಾರಿಯಲ್ಲಿ ಒಂದು ಗುಡಿಯ ಮುಂದೆ ಕಾರು ನಿಲ್ಲಿಸಿ ಕೈಮುಗಿದು ಬಂದೆವು. ಗುಡಿಯ ಹೆಸರು ಬೇಡ, ದೇವರ ಮೇಲೇಕೆ ದೂರು. ಹಿಂದಿರುಗಿ ನೋಡಿದರೆ ನನ್ನ ಚಪ್ಪಲಿಯಿರಲಿಲ್ಲ. ಅದೇ ಬಣ್ಣದ, ಆದರೆ ಒಂದು ಅಂಗುಲ ದೊಡ್ಡದಾದ, ಹಿಮ್ಮಡಿ ಒಂದೇ ಮಗ್ಗುಲಿಗೆ ಸವೆದ ಜೊತೆಯೊಂದು ಅಲ್ಲಿ ನನ್ನನ್ನೇ ಕಾಯುತ್ತಿರುವಂತೆ ಬಾಯ್ದೆರೆದು ಕೂತಿತ್ತು. ದೇವಸ್ಥಾನದಲ್ಲಿ ಚಪ್ಪಲಿ ಹೋದರೆ ಶನಿ ಹೋದಂತೆ ಎಂದು ಚಿಕ್ಕಮ್ಮ ಸಮಾಧಾನ ಹೇಳಿದರು. ಹಾಗಾದರೆ ಬದಲಿಗೆ ಸಿಕ್ಕ ಜೋಡಿನಲ್ಲಿ ಯಾರ ಶನಿಯಿದೆ ಎಂಬ ನನ್ನ ಪ್ರಶ್ನೆಗೆ ಅವರಲ್ಲಿ ಉತ್ತರವಿರಲಿಲ್ಲ. ಬಲಗಡೆಗೆ ವಾಲಿ ನಡೆಯುವ, ದೊಡ್ಡ ಕಾಲಿನ ಆ ಅಪರಿಚಿತನ ನಡಿಗೆಯನ್ನೇ ನಾನು ಸಂಜೆಯವರೆಗೂ ನಡೆದೆ. ಆತ ನನ್ನ ಚಪ್ಪಲಿಯಲ್ಲಿ ಬೆರಳು ಮುದುಡಿಕೊಂಡು ಎಲ್ಲಿ ಒದ್ದಾಡುತ್ತಿದ್ದನೋ.

ಭಾಗಮಂಡಲದಲ್ಲಿ ಕಾವೇರಿಗೆ ಕನ್ನಿಕೆ ಬಂದು ಸೇರುತ್ತದೆ; ಕಣ್ಣಿಗೆ ಕಾಣದ ಸುಜ್ಯೋತಿಯೂ ಸೇರುತ್ತದೆಂದು ನಂಬಿಕೆ. ಮಳೆಗಾಲ ಜೋರಾದರೆ ಸಂಗಮವೇ ರಸ್ತೆಗೆ ಏರಿಬರುವ ಊರು ಅದು. ನಾವು ಹೋದ ದಿನ ನೀರು ಸಾಧುವಾಗಿತ್ತು. ಮೂವರೂ ಮೊಣಕಾಲುದ್ದ ನೀರಿನಲ್ಲಿ ನಿಂತಾಗ ಚಿಕ್ಕಪ್ಪನ ಪಾದಗಳನ್ನು ನಾನು ಮೊದಲ ಬಾರಿಗೆ ಸರಿಯಾಗಿ ಕಂಡೆ: ಕಾಲುಚೀಲದ ಪಟ್ಟಿ ಕೊರೆದ ಗುರುತು, ಕಿರುಬೆರಳಿನ ಮೇಲೆ ಹೊಸ ಶೂ ಎಬ್ಬಿಸಿದ ಬೊಕ್ಕೆ. ಅಲ್ಲಿಂದ ಭಗಂಡೇಶ್ವರನ ದರ್ಶನಕ್ಕೆ, ಮುಂದೆ ಎಂಟು ಕಿಲೋಮೀಟರ್ ಆಚೆಯ ತಲಕಾವೇರಿಗೆ ಅವರು ಶೂಗಳನ್ನು ಲೇಸಿನಲ್ಲಿ ಗಂಟುಹಾಕಿ ಕೈಯಲ್ಲಿ ನೇತುಬಿಟ್ಟುಕೊಂಡೇ ಬಂದರು.

ಸಮುದ್ರಮಟ್ಟಕ್ಕಿಂತ 1276 ಮೀಟರ್ ಎತ್ತರದಲ್ಲಿ, ಬ್ರಹ್ಮಗಿರಿಯ ಮೇಲೆ ಮಂಜು ಬಿದ್ದು ಮೆಟ್ಟಿಲ ಕೆಳಗೆ ಬಿಟ್ಟ ಜೋಡುಗಳೆಲ್ಲ ಮರೆಯಾಗಿದ್ದವು. ತುಲಾ ಸಂಕ್ರಮಣದ ತೀರ್ಥೋದ್ಭವಕ್ಕೆ ಕಿಕ್ಕಿರಿಯುವ ಜಾಗದಲ್ಲಿ ಅಂದು ಹತ್ತಿಪ್ಪತ್ತು ಜನ. ಇಷ್ಟು ದೊಡ್ಡ ಹೊಳೆ ಇಷ್ಟು ಪುಟ್ಟ ಕುಂಡಿಕೆಯಿಂದಲೇ ಎಂದು ಚಿಕ್ಕಮ್ಮ ಬಗ್ಗಿ ನೋಡಿದರು. ಮುಂದಿನ ಕೊಳದ ನೀರಿಗೆ ಚಿಕ್ಕಪ್ಪ ಒಂದು ಕಾಲು ಇಳಿಸಿ, ತಕ್ಷಣ ಹಿಂದಕ್ಕೆ ತೆಗೆದು, ತಲೆಗೆ ಪ್ರೋಕ್ಷಿಸಿಕೊಂಡರು. ಭಕ್ತಿಗೆ ಅಷ್ಟು ಸಾಕು, ಕಾಲಿಗೆ ಅದೂ ಹೆಚ್ಚು.

ರಾತ್ರಿ ಬಚ್ಚಲೊಲೆಯ ಮುಂದೆ ಶೂಗಳಿಗೆ ಹಳೆಯ ಪೇಪರು ತುರುಕಿ ಒಣಗಲಿಟ್ಟೆ. ಎಡಗಾಲಿನದನ್ನು ಕೊಡವಿದಾಗ ಒಳಗಿನಿಂದ, ಹೊಟ್ಟೆ ತುಂಬಿ ದ್ರಾಕ್ಷಿಯಂತಾದ ಜಿಗಣೆಯೊಂದು ನೆಲಕ್ಕೆ ಬಿತ್ತು. ಎಲ್ಲಿ ಹತ್ತಿತ್ತೋ, ಎಷ್ಟು ಕ್ಷೇತ್ರಗಳನ್ನು ಸುತ್ತಿತ್ತೋ. ಚಿಕ್ಕಪ್ಪ ಅದನ್ನು ಬಹಳ ಹೊತ್ತು ನೋಡಿ, ನಾಳೆ ಇರ್ಪಿನ ರಾಮೇಶ್ವರನಿಗೆ ಹೋಗುವಾಗ ನಿನ್ನದೊಂದು ಹವಾಯಿ ಕೊಡು ಎಂದರು. ಬಾಗಿಲ ಹೊರಗಿದ್ದ, ಹಿಮ್ಮಡಿ ಸವೆದ ಆ ದೊಡ್ಡ ಜೊತೆಯನ್ನು ತೋರಿಸಿದೆ. ಅಳತೆ ಸರಿಯಾಗಿ ಹೊಂದಿತು.