ಒಬ್ಬ ಹುಡುಗಿಗಾಗಿ ಉಳಿಸಿದ ಸ್ಟೇಷನ್: ಸತ್ಯಾಂಶ

ಜಪಾನಿನ ಹೊಕ್ಕೈಡೊದಲ್ಲಿ ಒಬ್ಬಳೇ ವಿದ್ಯಾರ್ಥಿನಿಗಾಗಿ ಕಾಮಿ-ಶಿರಾಟಾಕಿ ಸ್ಟೇಷನ್ನನ್ನು ವರ್ಷಗಟ್ಟಲೆ ಉಳಿಸಿಕೊಂಡರು, ಅವಳ ಓದು ಮುಗಿದ ಮೇಲೆ ಮುಚ್ಚಿದರು ಅನ್ನೋ ಫಾರ್ವರ್ಡ್ ನಿಮಗೂ ಬಂದಿರಬಹುದು. ಓದಿದರೆ ಮನಸ್ಸು ತುಂಬುತ್ತದೆ, ನಿಜ. ಆದರೆ ನಡೆದದ್ದು ಹಾಗಲ್ಲ.

ಆ ಹುಡುಗಿ ರೈಲು ಹತ್ತುತ್ತಿದ್ದದ್ದು ಅದೇ ಮಾರ್ಗದ ಇನ್ನೊಂದು ಸ್ಟೇಷನ್ ಕ್ಯೂ-ಶಿರಾಟಾಕಿಯಲ್ಲಿ. ಪ್ರಯಾಣಿಕರು ತೀರಾ ಕಡಿಮೆ ಅಂತ ಜೆಆರ್ ಹೊಕ್ಕೈಡೊ ಕಂಪನಿ ಸೆಕಿಹೊಕು ಮಾರ್ಗದ ಈ ಎರಡನ್ನೂ, ಜೊತೆಗೆ ಶಿಮೊ-ಶಿರಾಟಾಕಿಯನ್ನೂ 2016ರ ಮಾರ್ಚ್ 26ರಂದು ಒಟ್ಟಿಗೆ ಮುಚ್ಚಿತು. ಅಲ್ಲಿ ರೈಲುಗಳ ಹೊಸ ವೇಳಾಪಟ್ಟಿ ಬರುವುದು ಸಾಮಾನ್ಯವಾಗಿ ಮಾರ್ಚ್‌ನಲ್ಲೇ, ಶಾಲಾ ವರ್ಷ ಮುಗಿಯುವುದೂ ಆಗಲೇ. ಎರಡೂ ಕೂಡಿಬಂದವು, ಕಥೆ ಹುಟ್ಟಿತು, ಅಷ್ಟೇ.

ಆ ಕಡೆ ಸುತ್ತಲು ಹೋಗುವವರು ಈ ಹೆಸರುಗಳನ್ನು ಹುಡುಕಿ ಹೊರಡಬೇಡಿ, ಅಲ್ಲಿ ಈಗ ಪ್ರಯಾಣಿಕರಿಗಾಗಿ ಯಾವ ರೈಲೂ ನಿಲ್ಲುವುದಿಲ್ಲ.